ಫಾರ್ಮಲಿನ್ ಬದಲಿಗೆ ಬೆಲ್ಲ, ಜೇನು: ಅಂಗಾಂಶ ಕೆಡದಂತೆ ಇಡುವ ವಿಧಾನ

ಪ್ರಯೋಗಾಲಯದ ತಂತ್ರಜ್ಞರು, ಪ್ರಾಣಿಶಾಸ್ತ್ರ ಕಲಿಸುವ ಅಧ್ಯಾಪಕರು, ದಂತ ವೈದ್ಯಕೀಯ ಓದುತ್ತಿರುವ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಫಾರ್ಮಲಿನ್ (ಅಂಗಾಂಶ ಕೆಡದಂತೆ ಇಡಲು ಪ್ರಯೋಗಾಲಯಗಳಲ್ಲಿ ಬಳಸುವ ಘಾಟಿನ ರಾಸಾಯನಿಕ ದ್ರಾವಣ) ಬದಲು ಬೆಲ್ಲದ ನೀರಿನಲ್ಲಿ ಅಂಗಾಂಶವನ್ನು ಇಡಬಹುದಂತೆ, ಹೌದೇ? ಹೌದು, ಇಡಬಹುದು. ಜೇನಿನಲ್ಲೂ ಇಡಬಹುದು. ಆದರೆ ಎಲ್ಲ ಅಂಗಾಂಶವನ್ನೂ ಅಲ್ಲ, ಎಷ್ಟು ದಿನವಾದರೂ ಅಲ್ಲ, ಅಡುಗೆಮನೆಯ ಅಂದಾಜಿನಲ್ಲಂತೂ ಅಲ್ಲವೇ ಅಲ್ಲ. ಎಲ್ಲಿ ಬಳಸಬೇಕು, ಎಲ್ಲಿ ಮುಟ್ಟಲೇಬಾರದು, ದ್ರಾವಣ ಮಾಡುವುದು ಹೇಗೆ, ಫಲಿತಾಂಶವನ್ನು ಪ್ರಾಮಾಣಿಕವಾಗಿ ಪರೀಕ್ಷಿಸುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಫಾರ್ಮಲಿನ್ ಮೇಲೆ ಇಷ್ಟೊಂದು ಅಸಮಾಧಾನ ಏಕೆ ಎಂಬುದನ್ನು ಮೊದಲು ನೋಡೋಣ. 1893ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ಲುಮ್ ಇದರ ಸ್ಥಿರೀಕರಣ ಗುಣವನ್ನು, ಅಂದರೆ ಅಂಗಾಂಶವನ್ನು ಕೆಡದಂತೆ ಹಿಡಿದಿಡುವ ಗುಣವನ್ನು, ತೋರಿಸಿಕೊಟ್ಟ ಮೇಲೆ ಜಗತ್ತಿನ ರೋಗಶಾಸ್ತ್ರ ವಿಭಾಗಗಳೆಲ್ಲ ಇದನ್ನೇ ನೆಚ್ಚಿಕೊಂಡಿವೆ. ಅಗ್ಗ, ನಂಬಿಕಸ್ಥ, ಅಂಗಾಂಶದೊಳಕ್ಕೆ ಚೆನ್ನಾಗಿ ಇಳಿಯುತ್ತದೆ. ಆದರೆ ಅದರಲ್ಲಿರುವ ಫಾರ್ಮಾಲ್ಡಿಹೈಡ್ ಅನಿಲವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಒಂದನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿತು. ಅಷ್ಟು ದೂರ ಹೋಗುವುದೂ ಬೇಡ. ಹೊಗೆ ಹೀರುವ ಕಪಾಟು ಇಲ್ಲದ ಚಿಕ್ಕ ಕೋಣೆಯಲ್ಲಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಕಣ್ಣೊರೆಸಿಕೊಳ್ಳುತ್ತಾ ಮಾದರಿ ಕತ್ತರಿಸುವ ತಂತ್ರಜ್ಞರನ್ನು ನಾನು ವರ್ಷಗಟ್ಟಲೆ ಕಂಡಿದ್ದೇನೆ. ಅವರ ಕಣ್ಣು, ಮೂಗು, ಕೈಚರ್ಮ ಅನುಭವಿಸುವುದಕ್ಕೆ ಬೇರೆ ಪುರಾವೆ ಬೇಕಿಲ್ಲ. ದಿನದ ಒಂದಿಷ್ಟು ಕೆಲಸವನ್ನಾದರೂ ಈ ಘಾಟಿನಿಂದ ಬಿಡಿಸಲು ಸಾಧ್ಯವಿದ್ದರೆ ಬಿಡಿಸಲೇಬೇಕು ಎಂಬುದು ನನ್ನ ನಿಲುವು.

ಸಿಹಿ ಹೇಗೆ ಕೆಲಸ ಮಾಡುತ್ತದೆ?

ದೇಹದಿಂದ ಹೊರತೆಗೆದ ತುಣುಕು ಎರಡು ಬಗೆಯಲ್ಲಿ ಹಾಳಾಗುತ್ತದೆ. ಜೀವಕೋಶಗಳೊಳಗಿನ ಕಿಣ್ವಗಳೇ ಕೋಶವನ್ನು ಕರಗಿಸತೊಡಗುತ್ತವೆ. ಇದಕ್ಕೆ ಆಟೋಲಿಸಿಸ್ ಎಂದು ಹೆಸರು. ಜತೆಗೆ ಸೂಕ್ಷ್ಮಾಣುಗಳು ಕೊಳೆಸುತ್ತವೆ. ಈ ಎರಡನ್ನೂ ತಡೆದು, ಕೋಶ ಬದುಕಿದ್ದಾಗ ಹೇಗಿತ್ತೋ ಹೆಚ್ಚುಕಡಿಮೆ ಹಾಗೆಯೇ ನಿಲ್ಲಿಸುವ ಕ್ರಿಯೆ ಸ್ಥಿರೀಕರಣ. ಅದನ್ನು ಮಾಡುವ ದ್ರಾವಣವೇ ಸ್ಥಿರಕ.

ಫಾರ್ಮಾಲ್ಡಿಹೈಡ್ ಪ್ರೋಟೀನುಗಳ ನಡುವೆ ಕೊಂಡಿ ಹಾಕಿ ಅವನ್ನು ಅಲುಗದಂತೆ ಹಿಡಿಯುತ್ತದೆ. ಬೆಲ್ಲ ಮತ್ತು ಜೇನಿನ ವಿಷಯದಲ್ಲಿ ಸಂಶೋಧಕರು ಕೊಡುವ ವಿವರಣೆ ಹೀಗಿದೆ: ಬೆಲ್ಲದ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ, ಆಮ್ಲೀಯ ದ್ರಾವಣದಲ್ಲಿ ಫ್ರಕ್ಟೋಸ್ ಇನ್ನಷ್ಟು ಒಡೆದು ಆಲ್ಡಿಹೈಡ್‌ಗಳಾಗುತ್ತದೆ, ಅವು ಅಂಗಾಂಶದ ಅಮೈನೋ ಆಮ್ಲಗಳಿಗೆ ಕೊಂಡಿ ಹಾಕುತ್ತವೆ. ಸಕ್ಕರೆಯ ಸಾಂದ್ರತೆ ನೀರನ್ನು ಹೊರಗೆಳೆದು ಸೂಕ್ಷ್ಮಾಣುಗಳನ್ನೂ ಹತ್ತಿಕ್ಕುತ್ತದೆ. ಜೇನಿನಲ್ಲಿ ಇನ್ನೊಂದು ಅನುಕೂಲವಿದೆ. ಅದಕ್ಕೆ ನೀರು ಬೆರೆಸಿದಾಗ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಎಚ್ಚೆತ್ತು ಗ್ಲೂಕೋನಿಕ್ ಆಮ್ಲವನ್ನೂ ಅಲ್ಪ ಪ್ರಮಾಣದ ಹೈಡ್ರೋಜನ್ ಪೆರಾಕ್ಸೈಡನ್ನೂ ಉಂಟುಮಾಡುತ್ತದೆ. ನಮ್ಮ ದೇಶದ ದಂತ ವೈದ್ಯಕೀಯ ಕಾಲೇಜುಗಳ ರೋಗಶಾಸ್ತ್ರ ವಿಭಾಗಗಳಿಂದ ಈ ಕುರಿತು ಹಲವು ಅಧ್ಯಯನಗಳು ಬಂದಿವೆ. ಅವುಗಳಲ್ಲಿ ಹೆಚ್ಚು ಬಳಕೆಯಾದ ಅಳತೆಗಳು 30% ಬೆಲ್ಲ ಮತ್ತು 20% ಜೇನು. ಅವಧಿ 24 ಗಂಟೆ.

ಎಲ್ಲಿ ಬಳಸಬಾರದು

ರೋಗಿಯೊಬ್ಬರ ಬಯಾಪ್ಸಿ ತುಣುಕನ್ನು ಬೆಲ್ಲದ ನೀರಿಗೆ ಹಾಕಬೇಡಿ. ಆ ತುಣುಕು ಮತ್ತೆ ಸಿಗುವುದಿಲ್ಲ. ಅದರ ಮೇಲೆ ಒಂದು ಜೀವದ ಚಿಕಿತ್ಸೆ ನಿಂತಿರುತ್ತದೆ. ಕ್ಯಾನ್ಸರ್ ಬಗೆಯನ್ನು ಗುರುತಿಸುವ ಇಮ್ಯುನೋ ಪರೀಕ್ಷೆಗಳು ಬಹುಪಾಲು (ಪ್ರತಿಕಾಯ ಬಳಸಿ ಕೋಶದ ನಿರ್ದಿಷ್ಟ ಪ್ರೋಟೀನನ್ನು ಪತ್ತೆ ಮಾಡುವ ವಿಧಾನ) ಫಾರ್ಮಲಿನ್‌ಗೆ ಹೊಂದಿಸಿದ ಕ್ರಮದಲ್ಲಿಯೇ ನಡೆಯುತ್ತವೆ. ಇಡೀ ಸ್ತನ, ಗರ್ಭಕೋಶದಂತಹ ದೊಡ್ಡ ಮಾದರಿಗಳಿಗೂ, ಮೂಳೆಗೂ, ಕೊಬ್ಬು ತುಂಬಿದ ಅಂಗಾಂಶಕ್ಕೂ, ಗಾಜಿನ ಜಾಡಿಯಲ್ಲಿ ವರ್ಷಗಟ್ಟಲೆ ಇಡುವ ಸಂಗ್ರಹಾಲಯದ ಮಾದರಿಗಳಿಗೂ ಇದು ಸಲ್ಲದು.

ಸಲ್ಲುವುದು ಎಲ್ಲಿ? ವಿದ್ಯಾರ್ಥಿಗಳಿಗೆ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಲೈಡ್ ತಯಾರಿಕೆ ಕಲಿಸುವಾಗ, ಹೊಸ ತಂತ್ರಜ್ಞರಿಗೆ ಮೈಕ್ರೋಟೋಮ್ (ಅಂಗಾಂಶವನ್ನು ಅತಿ ತೆಳುವಾಗಿ ಕೊಯ್ಯುವ ಯಂತ್ರ) ಅಭ್ಯಾಸ ಮಾಡಿಸುವಾಗ, ಮಾಂಸದ ಅಂಗಡಿಯಿಂದ ತಂದ ಅಂಗಾಂಶದ ಮೇಲೆ ಪ್ರಯೋಗ ನಡೆಸುವಾಗ. ಇದು ಸಣ್ಣ ಕೆಲಸವಲ್ಲ. ಒಂದು ಕಾಲೇಜಿನಲ್ಲಿ ವರ್ಷಕ್ಕೆ ಸುರಿಯುವ ಫಾರ್ಮಲಿನ್‌ನಲ್ಲಿ ಬೋಧನೆಯ ಪಾಲೂ ಇದೆ, ಆ ಘಾಟನ್ನು ಕುಡಿಯುವವರು ಹದಿನೆಂಟು ಇಪ್ಪತ್ತರ ಮಕ್ಕಳು.

ಬೇಕಾಗುವ ಸಾಮಗ್ರಿ

ಬೆಲ್ಲ, ಜೇನು, ಡಿಸ್ಟಿಲ್ಡ್ ವಾಟರ್, 0.9% ಲವಣದ್ರಾವಣ, ತೂಕದ ಯಂತ್ರ, ಅಳತೆಯ ಜಾಡಿ, ಪಿಎಚ್ ಕಾಗದ, ತೆಳು ಮಲ್ ಬಟ್ಟೆ, ಶೋಧಕ ಕಾಗದ, ಅಗಲ ಬಾಯಿಯ ಮುಚ್ಚಳವಿರುವ ಡಬ್ಬಿಗಳು, ಕ್ಯಾಸೆಟ್‌ಗಳು (ಅಂಗಾಂಶದ ತುಣುಕನ್ನು ಹಿಡಿದಿಡುವ ರಂಧ್ರಗಳ ಚಿಕ್ಕ ಪ್ಲಾಸ್ಟಿಕ್ ಪೆಟ್ಟಿಗೆ), ಹೊಸ ಬ್ಲೇಡ್, ಕೈಗವಸು, ಸೀಸದ ಕಡ್ಡಿ. ಹೋಲಿಕೆಗಾಗಿ ಸ್ವಲ್ಪ ಫಾರ್ಮಲಿನ್ ಕೂಡ ಬೇಕು. ಅದಿಲ್ಲದೆ ನಿಮ್ಮ ಫಲಿತಾಂಶವನ್ನು ಯಾವುದರೊಂದಿಗೆ ತೂಗಿ ನೋಡುತ್ತೀರಿ?

ಹಂತ 1: ಬೆಲ್ಲ ಮತ್ತು ಜೇನನ್ನು ಆರಿಸುವುದು

ಅಂಗಡಿಯಲ್ಲಿ ಹೊಳೆಯುವ ಹಳದಿ ಬೆಲ್ಲ ಬೇಡ. ಆ ಬಣ್ಣ ಬರಲು ಕಾರಣ ಬಹುತೇಕ ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಬಿಳುಪುಕಾರಕ. ರಾಸಾಯನಿಕ ಬಿಡಬೇಕೆಂದು ಹೊರಟು ಇನ್ನೊಂದು ರಾಸಾಯನಿಕವನ್ನು ಡಬ್ಬಿಗೆ ಹಾಕಿದರೆ ಪ್ರಯೋಜನವಿಲ್ಲ. ಕಡು ಕಂದು ಬಣ್ಣದ, ಬೆಂಡೆ ಗಿಡದ ಲೋಳೆಯಲ್ಲಿ ಕಸ ತೆಗೆದ ಆಲೆಮನೆ ಬೆಲ್ಲ ಸಿಕ್ಕರೆ ಉತ್ತಮ. ಮಂಡ್ಯದ ಕಡೆಯವರಿಗೆ ಇದನ್ನು ಹುಡುಕುವುದು ಕಷ್ಟವಲ್ಲ. ಅಚ್ಚು ಬೆಲ್ಲವೋ ಉಂಡೆ ಬೆಲ್ಲವೋ ಎಂಬುದು ಮುಖ್ಯವಲ್ಲ. ಒಂದು ಪ್ರಯೋಗ ಮುಗಿಯುವವರೆಗೆ ಒಂದೇ ಕಡೆಯ, ಒಂದೇ ಪಾಕದ ಬೆಲ್ಲ ಬಳಸಬೇಕು ಎಂಬುದು ಮುಖ್ಯ. ಆಲೆಮನೆಯಿಂದ ಆಲೆಮನೆಗೆ, ಕಬ್ಬಿನಿಂದ ಕಬ್ಬಿಗೆ ಬೆಲ್ಲ ಬದಲಾಗುತ್ತದೆ.

ಜೇನಿನಲ್ಲಿ ಮೋಸ ಇನ್ನೂ ಹೆಚ್ಚು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2020ರ ಡಿಸೆಂಬರಿನಲ್ಲಿ ಹೊರಹಾಕಿದ ವರದಿ ಮಾರುಕಟ್ಟೆಯ ಹಲವು ಜೇನುಗಳಲ್ಲಿ ಸಕ್ಕರೆ ಪಾಕದ ಬೆರಕೆ ಇರುವುದನ್ನು ಬಯಲು ಮಾಡಿತು. ಜೇನು ಸಾಕುವವರ ಪರಿಚಯವಿದ್ದರೆ ನೇರವಾಗಿ ಅವರಿಂದಲೇ ಕೊಳ್ಳಿ. ಗಟ್ಟಿಯಾಗಿ ಹರಳುಗಟ್ಟಿದ ಜೇನು ಕೆಟ್ಟದ್ದೆಂದು ಎಸೆಯಬೇಡಿ. ಉಗುರು ಬೆಚ್ಚಗಿನ ನೀರಿನಲ್ಲಿ ಬಾಟಲಿಯನ್ನು ನಿಲ್ಲಿಸಿದರೆ ಕರಗುತ್ತದೆ. ಒಲೆಯ ಮೇಲೆ ಮಾತ್ರ ಇಡಬೇಡಿ. ಬಿಸಿಗೆ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವ ಸತ್ತುಹೋಗುತ್ತದೆ.

ಹಂತ 2: ದ್ರಾವಣ ತಯಾರಿಸುವುದು

ಬೆಲ್ಲದ ದ್ರಾವಣಕ್ಕೆ 30 ಗ್ರಾಂ ಬೆಲ್ಲವನ್ನು ಹೆರೆದು, ಸುಮಾರು 70 ಮಿಲಿ ಬೆಚ್ಚಗಿನ ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ. ಕುದಿಸಬೇಡಿ. ಮೊದಲು ಮಲ್ ಬಟ್ಟೆಯಲ್ಲಿ, ಆಮೇಲೆ ಶೋಧಕ ಕಾಗದದಲ್ಲಿ ಸೋಸಿ. ಕಬ್ಬಿನ ನಾರು, ಮರಳಿನ ಕಣ ಉಳಿದರೆ ಅವು ಅಂಗಾಂಶಕ್ಕೆ ಅಂಟಿಕೊಂಡು ಮೈಕ್ರೋಟೋಮ್‌ನ ಅಲಗನ್ನು ಹಾಳುಮಾಡುತ್ತವೆ. ತಣಿದ ಮೇಲೆ ಒಟ್ಟು ಪ್ರಮಾಣ 100 ಮಿಲಿ ಆಗುವಷ್ಟು ನೀರು ಸೇರಿಸಿ.

ಹೆಚ್ಚು ಮಂದಿ ಎಡವುವುದು ಇಲ್ಲಿಯೇ. 30 ಗ್ರಾಂ ಬೆಲ್ಲವನ್ನು 100 ಮಿಲಿ ನೀರಿಗೆ ಹಾಕಿ 30% ಎಂದು ಬರೆದುಕೊಳ್ಳುತ್ತಾರೆ. ಬೆಲ್ಲವೂ ಜಾಗ ಹಿಡಿಯುತ್ತದೆ. ದ್ರಾವಣ 118 ಮಿಲಿಯ ಹತ್ತಿರಕ್ಕೆ ಬಂದು ಸಾಂದ್ರತೆ 25%ರ ಆಸುಪಾಸಿಗೆ ಇಳಿಯುತ್ತದೆ.

ಜೇನಿಗೆ 20 ಮಿಲಿ ಜೇನು, ಒಟ್ಟು 100 ಮಿಲಿ ಆಗುವಷ್ಟು ಡಿಸ್ಟಿಲ್ಡ್ ವಾಟರ್. ಅಳತೆಯ ಜಾಡಿಯಲ್ಲಿ ಜೇನು ಅಂಟಿಕೊಂಡೇ ಉಳಿಯುತ್ತದೆ. ಅದೇ ನೀರಿನಿಂದ ಎರಡು ಮೂರು ಸಲ ಜಾಡಿಯನ್ನು ತೊಳೆದು ದ್ರಾವಣಕ್ಕೇ ಸುರಿಯಿರಿ. ತೂಕದಲ್ಲಿ ಅಳೆಯುವುದಾದರೆ ನೆನಪಿಡಿ, 20 ಮಿಲಿ ಜೇನು ಸುಮಾರು 28 ಗ್ರಾಂ ತೂಗುತ್ತದೆ. ಯಾವ ಕ್ರಮ ಅನುಸರಿಸಿದಿರೋ ಅದನ್ನು ಪುಸ್ತಕದಲ್ಲಿ ಬರೆದಿಡಿ.

ಎರಡರ ಪಿಎಚ್ (ಆಮ್ಲೀಯತೆಯ ಅಳತೆ, 7ಕ್ಕಿಂತ ಕೆಳಗೆ ಹೋದಷ್ಟೂ ಹುಳಿ) ನೋಡಿ. ಎರಡೂ 7ಕ್ಕಿಂತ ಕಡಿಮೆ ಇರಬೇಕು. ಬೆಲ್ಲದ ದ್ರಾವಣ 7 ದಾಟಿದ್ದರೆ ಪಾಕಕ್ಕೆ ಸುಣ್ಣ ಹೆಚ್ಚಾಗಿ ಬಿದ್ದಿರಬಹುದು, ಬೇರೆ ಬೆಲ್ಲ ತನ್ನಿ. ದ್ರಾವಣವನ್ನು ಬಳಸುವ ದಿನವೇ ತಯಾರಿಸಿ. ಮೊದಲ ಬಾರಿ ನಾನು ವಾರಕ್ಕಾಗುವಷ್ಟು ಒಟ್ಟಿಗೆ ಮಾಡಿಟ್ಟೆ. ಮೂರನೆಯ ದಿನ ಹುಳಿ ವಾಸನೆ, ಮೇಲೆ ನೊರೆ, ಮುಚ್ಚಳ ಹಾರಿ ಗೋಡೆಗೆ ಬಡಿದಿತ್ತು.

ಹಂತ 3: ಅಂಗಾಂಶ ತರುವುದು, ಕತ್ತರಿಸುವುದು

ಕುರಿ ಅಥವಾ ಮೇಕೆಯ ನಾಲಿಗೆ, ಯಕೃತ್ತು, ಮೂತ್ರಪಿಂಡ ಅಭ್ಯಾಸಕ್ಕೆ ಚೆನ್ನಾಗಿರುತ್ತವೆ. ಬೆಳಗ್ಗೆ ಅಂಗಡಿಯವರಿಗೆ ಮೊದಲೇ ಹೇಳಿಟ್ಟು, ಕೊಯ್ದ ತಕ್ಷಣ ತೆಗೆದುಕೊಂಡು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತನ್ನಿ. ಮಂಜುಗಡ್ಡೆಗೆ ನೇರವಾಗಿ ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ; ಹೆಪ್ಪುಗಟ್ಟಿದರೆ ಕೋಶಗಳು ಒಡೆಯುತ್ತವೆ. ಮೂತ್ರಪಿಂಡವನ್ನು ವಿಶೇಷವಾಗಿ ಸೂಚಿಸಲು ಕಾರಣವಿದೆ. ಅದರ ನಾಳಗಳ ಒಳಪದರ ಬಹಳ ಬೇಗ ಕೆಡುತ್ತದೆ. ಸ್ಥಿರಕ ಸೋತರೆ ಆ ಸೋಲು ಮೊದಲು ಕಾಣುವುದು ಅಲ್ಲಿಯೇ.

ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಲವಣದ್ರಾವಣದಲ್ಲಿ ಅದ್ದಿ ರಕ್ತ ತೆಗೆಯಿರಿ. ಹೊಸ ಬ್ಲೇಡಿನಿಂದ 3ರಿಂದ 4 ಮಿಮೀ ದಪ್ಪದ ತುಣುಕು ಮಾಡಿ. ದಪ್ಪ ಹೆಚ್ಚಿದರೆ ಹೊರಗಿನ ಪದರ ಉಳಿದು ಒಳಗಿನದು ಕೊಳೆಯುತ್ತದೆ. ಒಂದೇ ಅಂಗದ ಒಂದೇ ಭಾಗದಿಂದ ನಾಲ್ಕು ತುಣುಕು ಬೇಕು: ಒಂದು ಫಾರ್ಮಲಿನ್‌ಗೆ, ಒಂದು ಬೆಲ್ಲಕ್ಕೆ, ಒಂದು ಜೇನಿಗೆ, ಇನ್ನೊಂದು ಬರೀ ಲವಣದ್ರಾವಣಕ್ಕೆ. ಈ ನಾಲ್ಕನೆಯದನ್ನು ಬಿಡಬೇಡಿ. ಏಕೆಂಬುದನ್ನು ಐದನೆಯ ಹಂತದಲ್ಲಿ ಹೇಳುತ್ತೇನೆ.

ಹೋಲಿಕೆಯ ಫಾರ್ಮಲಿನ್ ಎಂದರೆ 10% ತಟಸ್ಥ ಬಫರ್ ಫಾರ್ಮಲಿನ್. ಅಂಗಡಿಯಲ್ಲಿ ಸಿಗುವ ದ್ರಾವಣದಲ್ಲಿ 37ರಿಂದ 40% ಫಾರ್ಮಾಲ್ಡಿಹೈಡ್ ಇರುತ್ತದೆ; ಅದರ ಒಂದು ಭಾಗಕ್ಕೆ ಒಂಬತ್ತು ಭಾಗ ನೀರು, ಪಿಎಚ್ 7ರ ಹತ್ತಿರ ನಿಲ್ಲಿಸುವ ಫಾಸ್ಫೇಟ್ ಲವಣಗಳು. ಆದ್ದರಿಂದ 10% ಫಾರ್ಮಲಿನ್‌ನಲ್ಲಿ ಇರುವುದು ಸುಮಾರು 4% ಫಾರ್ಮಾಲ್ಡಿಹೈಡ್ ಮಾತ್ರ. ಬಫರ್ ಇಲ್ಲದ ಹಳೆಯ ಫಾರ್ಮಲಿನ್ ಬಳಸಿ ಬೆಲ್ಲವೇ ಗೆದ್ದಿತು ಎಂದು ಹೇಳುವುದು ನ್ಯಾಯವಲ್ಲ.

ಹಂತ 4: ಮುಳುಗಿಸುವುದು

ಅಂಗಾಂಶದ ಗಾತ್ರದ ಕನಿಷ್ಠ ಇಪ್ಪತ್ತು ಪಟ್ಟು ದ್ರಾವಣವಿರಲಿ. ಒಂದು ಸೆಂಟಿಮೀಟರ್ ಉದ್ದಗಲದ, 3 ಮಿಮೀ ದಪ್ಪದ ತುಣುಕಿಗೆ 6 ಮಿಲಿ ಸಾಕು ಎಂದು ಲೆಕ್ಕ ಹೇಳುತ್ತದೆ. ನೀವು 25 ಮಿಲಿ ಹಾಕಿ, ಬೆಲ್ಲ ದುಬಾರಿಯಲ್ಲ.

ಈಗ ಡಬ್ಬಿಯ ಮೇಲೆ ಕಣ್ಣಿಡಿ. ಫಾರ್ಮಲಿನ್‌ನಲ್ಲಿ ತುಣುಕು ತಳಕ್ಕೆ ಹೋಗುತ್ತದೆ. ಬೆಲ್ಲದಲ್ಲಿ ತೇಲುತ್ತದೆ. 30% ಬೆಲ್ಲದ ದ್ರಾವಣ ಅಂಗಾಂಶಕ್ಕಿಂತ ಸಾಂದ್ರ, ಅದಕ್ಕೇ ಹೀಗೆ. ತೇಲುವ ತುಣುಕಿನ ಮೇಲ್ಮೈ ಗಾಳಿಗೆ ತೆರೆದುಕೊಂಡು ಒಣಗಿ, ಸ್ಲೈಡಿನಲ್ಲಿ ಆ ಅಂಚು ಕಪ್ಪಗೆ, ಮುದುಡಿ ಕಾಣುತ್ತದೆ. ಎಷ್ಟೋ ಜನ ಇದನ್ನು ಬೆಲ್ಲದ ದೋಷವೆಂದು ಬರೆದುಕೊಳ್ಳುತ್ತಾರೆ. ತುಣುಕನ್ನು ಕ್ಯಾಸೆಟ್ಟಿನೊಳಗಿಟ್ಟು ಅದರ ಮೇಲೆ ಚಿಕ್ಕ ಗಾಜಿನ ತುಂಡೊಂದನ್ನು ಭಾರವಾಗಿ ಇಡಿ, ಅಥವಾ ದ್ರಾವಣದಲ್ಲಿ ತೊಯ್ಸಿದ, ಗಾಯಕ್ಕೆ ಕಟ್ಟುವ ತೆಳು ಗಾಜ್ ಬಟ್ಟೆಯನ್ನು ಮೇಲೆ ಹೊದಿಸಿ. ಸಕ್ಕರೆ ಒಳಕ್ಕಿಳಿದಂತೆ ತುಣುಕು ತಾನಾಗಿಯೇ ಕೆಳಗೆ ಕೂರುತ್ತದೆ. ಕೂತಿತೆಂದರೆ ದ್ರಾವಣ ಒಳಗೆ ತಲುಪಿದೆ ಎಂದು ತಿಳಿಯಿರಿ.

24 ಗಂಟೆ ಇಡಿ. 48 ಗಂಟೆ ದಾಟಬಾರದು. ಕೋಣೆಯ ಉಷ್ಣತೆ 20ರಿಂದ 25 ಡಿಗ್ರಿ ಇದ್ದರೆ ಚೆನ್ನು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ತೆರೆದ ಕೋಣೆಯಲ್ಲಿಟ್ಟರೆ ರಾತ್ರಿ ಬೆಳಗಾಗುವುದರಲ್ಲಿ ಹುದುಗು ಬರಬಹುದು. ಹವಾನಿಯಂತ್ರಿತ ಕೋಣೆ ಹುಡುಕಿ. ಫ್ರಿಜ್ಜಿನಲ್ಲಿಡುವುದು ಬೇಡ, ಸ್ಥಿರೀಕರಣದ ವೇಗವೇ ಕುಗ್ಗುತ್ತದೆ. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಬೇಡಿ. ನೊರೆ, ಹುಳಿ ವಾಸನೆ, ಬಿಳಿ ಪೊರೆ ಕಂಡರೆ ಆ ಮಾದರಿಯನ್ನು ಬಿಟ್ಟುಬಿಡಿ.

ಸಿಹಿ ಇದ್ದಲ್ಲಿ ಇರುವೆ ಬರುತ್ತದೆ. ಮನೆಯಲ್ಲಿ ಹಾಲಿನ ಪಾತ್ರೆಗೆ ಮಾಡುವಂತೆ ತಟ್ಟೆಯಲ್ಲಿ ನೀರು ಹಾಕಿ ಡಬ್ಬಿಗಳನ್ನು ಅದರ ನಡುವೆ ಇಡಿ.

ಹಂತ 5: ತೊಳೆದು, ನೀರು ತೆಗೆಯುವುದು

ಈ ಹಂತದಲ್ಲಿ ಎರಡು ಗುಂಡಿಗಳಿವೆ, ಎರಡೂ ಆಳ.

ಮೊದಲನೆಯದು, ಸಕ್ಕರೆ ಆಲ್ಕೊಹಾಲಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಬೆಲ್ಲದಿಂದ ತೆಗೆದ ತುಣುಕನ್ನು ನೇರವಾಗಿ ಸಾಂದ್ರ ಆಲ್ಕೊಹಾಲಿಗೆ ಹಾಕಿದರೆ ಸಕ್ಕರೆ ಒಳಗೇ ಉಳಿದು ಅಂಗಾಂಶ ಪೆಡಸಾಗಿ, ಕೊಯ್ಯುವಾಗ ಪುಡಿಯಾಗುತ್ತದೆ. ಹರಿಯುವ ನೀರಿನಲ್ಲಿ ಅರ್ಧ ಗಂಟೆ ತೊಳೆಯಿರಿ, ಆಮೇಲೆ 50%, 70%, 80%, 95% ಆಲ್ಕೊಹಾಲಿನ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ಶುದ್ಧ ಆಲ್ಕೊಹಾಲಿಗೆ ಬನ್ನಿ. ಅನಂತರ ಎಂದಿನಂತೆ ಜೈಲೀನ್ (ಆಲ್ಕೊಹಾಲನ್ನು ಹೊರತೆಗೆಯುವ ದ್ರಾವಕ), ಕರಗಿದ ಪ್ಯಾರಾಫಿನ್ (ಕೊಯ್ಯಲು ಅಂಗಾಂಶಕ್ಕೆ ಗಟ್ಟಿತನ ಕೊಡುವ ಮೇಣ).

ಎರಡನೆಯದನ್ನು ಯಾರೂ ಗಮನಿಸುವುದಿಲ್ಲ. ತುಣುಕನ್ನು ಒಂದು ದ್ರಾವಣದಿಂದ ಇನ್ನೊಂದಕ್ಕೆ ತಾನೇ ದಾಟಿಸುವ ಸ್ವಯಂಚಾಲಿತ ಯಂತ್ರ ಬಳಸುವವರು ಅದರ ಮೊದಲ ಪಾತ್ರೆಯಲ್ಲಿ ಏನಿದೆ ಎಂದು ನೋಡಿ. ಅನೇಕ ಕಡೆ ಅಲ್ಲಿರುವುದು ಫಾರ್ಮಲಿನ್! ಬೆಲ್ಲದ ತುಣುಕು ಅದರಲ್ಲಿ ಗಂಟೆಗಟ್ಟಲೆ ಮುಳುಗಿದ ಮೇಲೆ ಸ್ಲೈಡ್ ಚೆನ್ನಾಗಿ ಬಂತೆಂದರೆ ಆ ಕೀರ್ತಿ ಯಾರಿಗೆ ಸಲ್ಲಬೇಕು? ಆ ಪಾತ್ರೆಗಳನ್ನು ಬಿಟ್ಟು ನೇರವಾಗಿ ಆಲ್ಕೊಹಾಲಿನಿಂದ ಆರಂಭವಾಗುವಂತೆ ಹೊಂದಿಸಿ, ಇಲ್ಲವೇ ಕೈಯಲ್ಲೇ ಮಾಡಿ.

ಆಲ್ಕೊಹಾಲು ಕೂಡ ತಕ್ಕಮಟ್ಟಿಗೆ ಸ್ಥಿರಕವೇ. ಲವಣದ್ರಾವಣದ ನಾಲ್ಕನೆಯ ತುಣುಕು ಬೇಕಾದದ್ದು ಇದಕ್ಕಾಗಿ. ಬೆಲ್ಲದ ಸ್ಲೈಡ್ ಅದಕ್ಕಿಂತ ಸ್ಪಷ್ಟವಾಗಿ ಮೇಲಿದ್ದರೆ ಮಾತ್ರ ಬೆಲ್ಲ ಕೆಲಸ ಮಾಡಿದೆ ಎನ್ನಬಹುದು.

ಹಂತ 6: ಕೊಯ್ದು, ಬಣ್ಣ ಹಾಕುವುದು

4 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಭಾಗ) ದಪ್ಪದ ಪದರ ತೆಗೆಯಿರಿ. ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣವನ್ನು ನಾಲ್ಕೂ ಸ್ಲೈಡುಗಳಿಗೆ ಒಂದೇ ತಂಡದಲ್ಲಿ, ಒಂದೇ ಹೊತ್ತಿನಲ್ಲಿ ಹಾಕಿ. ಕೋಶದ ನ್ಯೂಕ್ಲಿಯಸ್ಸಿಗೆ ನೀಲಿ ಕೊಡುವ ಹೆಮಟಾಕ್ಸಿಲಿನ್ ಬರುವುದು ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ. ಪ್ರಯೋಗಾಲಯದ ಮೇಜಿನ ಮೇಲೆ ಗಿಡಮೂಲದ ವಸ್ತು ಹೊಸದೇನಲ್ಲ.

ಹಂತ 7: ಓದುವುದು

ಸ್ಲೈಡುಗಳ ಗುರುತನ್ನು ಬೇರೊಬ್ಬರಿಂದ ಮುಚ್ಚಿಸಿ 1ರಿಂದ 4ರವರೆಗೆ ಅಂಕಿ ಹಾಕಿಸಿ. ಯಾವುದು ಬೆಲ್ಲ ಎಂದು ಗೊತ್ತಿದ್ದರೆ ಕಣ್ಣು ತಾನಾಗಿಯೇ ಉದಾರವಾಗುತ್ತದೆ. ಇಬ್ಬರು ಬೇರೆ ಬೇರೆಯಾಗಿ ಕುಳಿತು ನೋಡಲಿ. ನ್ಯೂಕ್ಲಿಯಸ್ಸಿನ ಅಂಚು ಸ್ಪಷ್ಟವೇ, ಕೋಶದ ಗೆರೆ ಕಾಣುವುದೇ, ಬಣ್ಣ ಸಮನಾಗಿದೆಯೇ, ಕೆಂಪು ರಕ್ತಕಣಗಳು ಉಳಿದಿವೆಯೇ? ಪ್ರತಿಯೊಂದಕ್ಕೂ 1ರಿಂದ 3ರವರೆಗೆ ಅಂಕ. ಅಂಗಾಂಶ ಕುಗ್ಗಿರುವುದು, ಕೋಶಗಳ ನಡುವೆ ಬಿರುಕು ಬಿಟ್ಟಿರುವುದು ಸಿಹಿ ಸ್ಥಿರಕಗಳಲ್ಲಿ ಕಾಣುವ ಸಾಮಾನ್ಯ ದೋಷ. ಅದನ್ನೂ ಬರೆದುಕೊಳ್ಳಿ, ಮರೆಮಾಚಬೇಡಿ.

ಒಂದು ಸಲ ಚೆನ್ನಾಗಿ ಬಂದದ್ದಕ್ಕೆ ಹಿಗ್ಗಬೇಡಿ. ಬೇರೆ ಬೇರೆ ದಿನ, ಬೇರೆ ಬೇರೆ ಅಂಗದ ಮೇಲೆ ಮಾಡಿ ನೋಡಿ.

ಹಂತ 8: ಉಳಿದದ್ದನ್ನು ಇಡುವುದು, ವಿಲೇವಾರಿ

ಸ್ಥಿರೀಕರಣ ಮುಗಿದ ಮೇಲೂ ಉಳಿದ ತುಣುಕನ್ನು ಸಿಹಿ ದ್ರಾವಣದಲ್ಲೇ ಬಿಟ್ಟರೆ ಬೂಷ್ಟು ಬರುತ್ತದೆ. 70% ಆಲ್ಕೊಹಾಲಿಗೆ ಬದಲಾಯಿಸಿ, ಬೆಂಕಿಯಿಂದ ದೂರವಿಡಿ. ಗುರುತನ್ನು ಸೀಸದ ಕಡ್ಡಿಯಲ್ಲಿ ಬರೆಯಿರಿ, ಪೆನ್ನಿನ ಮಸಿ ಆಲ್ಕೊಹಾಲಿಗೆ ಅಳಿಸಿಹೋಗುತ್ತದೆ. ಪ್ಯಾರಾಫಿನ್ ಬ್ಲಾಕ್ ಆಗಿಬಿಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ.

ಬೂಷ್ಟಿನ ಕಾಟ ತಪ್ಪದಿದ್ದರೆ ಥೈಮಾಲ್ ಹರಳನ್ನು ಪ್ರಯತ್ನಿಸಬಹುದು. ಓಮದ ಕಾಳಿಗೆ ಆ ಘಾಟು ಕೊಡುವುದು ಇದೇ ವಸ್ತು. ಗ್ಲಿಸರಿನ್ ಜೆಲ್ಲಿಯಂತಹ ದ್ರವ್ಯಗಳಿಗೆ ಬೂಷ್ಟು ಬಾರದಂತೆ ಇದನ್ನು ಹಿಂದಿನಿಂದಲೂ ಹಾಕುತ್ತಾರೆ. ಆದರೆ ಅದು ಹೊಸ ದ್ರಾವಣವಾಯಿತು, ಹೋಲಿಕೆಯನ್ನು ಮೊದಲಿನಿಂದ ಮಾಡಬೇಕು.

ಇನ್ನೊಂದು ಎಚ್ಚರಿಕೆ. ಫಾರ್ಮಲಿನ್ ವಿಷ ಹೌದು, ಆದರೆ ಅದು ರೋಗಾಣುಗಳಿಗೂ ವಿಷ. ಬೆಲ್ಲ, ಜೇನು ಆ ಕೆಲಸವನ್ನು ಅಷ್ಟು ಖಚಿತವಾಗಿ ಮಾಡುವುದಿಲ್ಲ. ಸಿಹಿಯಲ್ಲಿಟ್ಟ ತುಣುಕನ್ನು ಹಸಿ ತುಣುಕೆಂದೇ ಭಾವಿಸಿ ಕೈಗವಸು ಹಾಕಿಕೊಂಡೇ ಮುಟ್ಟಿ. ಅಂಗಾಂಶದ ಚೂರುಗಳು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳದಿ ಚೀಲಕ್ಕೆ ಹೋಗಬೇಕು. ಹೋಲಿಕೆಗೆ ಬಳಸಿದ ಫಾರ್ಮಲಿನ್ ಅನ್ನು ಸಿಂಕಿಗೆ ಸುರಿಯಬೇಡಿ, ರಾಸಾಯನಿಕ ತ್ಯಾಜ್ಯದ ಕ್ಯಾನಿಗೆ ಹಾಕಿ.

ಮಿಕ್ಕ ಬೆಲ್ಲದ ಅಚ್ಚು, ಜೇನಿನ ಬಾಟಲಿಯ ಮೇಲೆ «ಪ್ರಯೋಗಕ್ಕೆ ಮಾತ್ರ, ತಿನ್ನಬಾರದು» ಎಂದು ದೊಡ್ಡದಾಗಿ ಬರೆದು ಅಂಟಿಸಿ, ಕಪಾಟಿಗೆ ಬೀಗ ಹಾಕಿ. ಫಾರ್ಮಲಿನ್ ಬಾಟಲಿಯನ್ನು ಯಾರೂ ತಿಂಡಿ ಎಂದುಕೊಳ್ಳುವುದಿಲ್ಲ. ಮಧ್ಯಾಹ್ನ ಹಸಿದು ಬಂದ ವಿದ್ಯಾರ್ಥಿಗೆ ಮೇಜಿನ ಮೇಲಿನ ಬೆಲ್ಲ ಬೆಲ್ಲವಾಗಿಯೇ ಕಾಣುತ್ತದೆ.